ಹೇಮ ದನದ ಡಾಕ್ಟರಿಕೆಗೆ ಹೊರಟ ಶ್ರಾವಣ

ಮಹಡಿಯ ಬಾಡಿಗೆ ಕೋಣೆಗಳ ಕಿಟಕಿಗಳಿಗೆ ಹೋದ ವಾರ ಬಣ್ಣ ಹೊಡೆಸಿದೆವು. ಪೇಂಟಿನವನು ಡಬ್ಬಿಗೆ ಟರ್ಪಂಟೈನ್ ಸುರಿದದ್ದೇ ತಡ, ಅದರ ವಾಸನೆ ಮೆಟ್ಟಿಲಿಳಿದು ಹಿಂದಿನ ಕೊಟ್ಟಿಗೆಯ ತನಕ ಬಂದಿತು. ಬೇರೆಯವರಿಗೆ ಅದು ಬಣ್ಣದ ವಾಸನೆ. ನನಗೆ ಹಸುವಿನ ಹೊಟ್ಟೆಯುಬ್ಬರದ ವಾಸನೆ. ಹಸು ಉಬ್ಬರಿಸಿಕೊಂಡರೆ ಕಡಲೆಕಾಯಿ ಎಣ್ಣೆಗೆ ಒಂದಿಷ್ಟು ಟರ್ಪಂಟೈನ್ ಬೆರೆಸಿ ಬಿದಿರಿನ ಗೊಟ್ಟದಲ್ಲಿ ಕುಡಿಸುವುದು ನಮ್ಮ ಮನೆಯಲ್ಲಿ ನನ್ನ ಅತ್ತೆಯ ಕಾಲದಿಂದ ನಡೆದು ಬಂದದ್ದು.

"ಅಜ್ಜಿ, ತಲೆ ಸುತ್ತುತ್ತಾ? ಆಚೆ ಹೋಗಿ ಕೂತ್ಕೊಳಿ" ಎಂದ ಪೇಂಟಿನವನು.

ತಲೆ ಸುತ್ತಲಿಲ್ಲ. ಮೂರು ವರ್ಷದ ಹಿಂದಿನ ಶ್ರಾವಣದ ಒಂದು ವಾರ ನೆನಪಾಗಿ ಅಲ್ಲೇ ನಿಂತುಬಿಟ್ಟಿದ್ದೆ. ಆ ಸೋಮವಾರದಿಂದ ಶುಕ್ರವಾರದೊಳಗೆ ನಾನು ಓಡಾಡಿದಷ್ಟು, ಜಗಳವಾಡಿದಷ್ಟು, ನಕ್ಕಷ್ಟು ನನ್ನ ಮದುವೆಯಲ್ಲೂ ಇರಲಿಲ್ಲ.

ನಮ್ಮದು ಕಗ್ಗದಾಸಪುರ. ಈಗ ಅಪಾರ್ಟ್‌ಮೆಂಟುಗಳು ನಿಂತಿರುವ ಜಾಗದಲ್ಲೆಲ್ಲ ನಾನು ರಾಗಿ ಹೊಲದ ಕಳೆ ಕಿತ್ತವಳು. ಜಮೀನು ಹೋಯಿತು, ಕಟ್ಟಡ ಬಂತು. ಅದಕ್ಕೆ ನನಗೆ ದುಃಖವೇನೂ ಇಲ್ಲ; ಕಳೆ ಕೀಳುವುದು ಅಂಥ ಸುಖದ ಕೆಲಸವೂ ಆಗಿರಲಿಲ್ಲ. ಆದರೆ ಹಸು ಬಿಟ್ಟಿರಲಿಲ್ಲ. ಕಟ್ಟಡದ ಹಿಂದೆ ಶೀಟು ಹಾಕಿಸಿ ಮೂರು ಹಸು ಕಟ್ಟಿದ್ದೆ. ಮಗ ನಾರಾಯಣನಿಗೆ ಸಗಣಿ ಕಂಡರೆ ಮೂಗು ಮುಚ್ಚಿಕೊಳ್ಳುವ ಅಭ್ಯಾಸ. ಸೊಸೆ ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟರೆ ಬರುವುದು ಕತ್ತಲಾದ ಮೇಲೆ. ಕೊಟ್ಟಿಗೆಯಲ್ಲಿ ನನ್ನ ಜೊತೆ ಕೈ ಕೊಳೆ ಮಾಡಿಕೊಂಡವಳು ಮೊಮ್ಮಗಳು ಹೇಮ ಒಬ್ಬಳೇ. ಆರನೇ ಕ್ಲಾಸಿಗೇ ಹಾಲು ಕರೆಯಲು ಕಲಿತಳು. ಪಿಯುಸಿ ಮುಗಿಸಿದ ಮೇಲೆ, "ಅಜ್ಜಿ, ನಾನು ದನದ ಡಾಕ್ಟರ್ ಆಗ್ತೀನಿ" ಎಂದಾಗ ಮನೆಯಲ್ಲಿ ಆಶ್ಚರ್ಯಪಡದವಳು ನಾನೊಬ್ಬಳೇ.

ಆ ಸೋಮವಾರ ಸೀಟಿನ ಪಟ್ಟಿ ಬರುವುದಿತ್ತು. ನಾನು ಹಾಲು ಹಾಕಿಬರಲು ಹೋಗಿದ್ದೆ. ಹೇಮ ಕೊಟ್ಟಿಗೆಯ ಕಲ್ಲಿನ ಮೇಲೆ ಕುಳಿತು ಫೋನಿನಲ್ಲಿ ಕಣ್ಣು ನೆಟ್ಟಿದ್ದಳು. ಪಕ್ಕದ ಅಪಾರ್ಟ್‌ಮೆಂಟಿನ ಹೆಂಗಸರು ಶ್ರಾವಣ ಸೋಮವಾರವೆಂದು ಗೋಪೂಜೆಗೆ ಬಂದರು, ಒಂದು ಕೊಳದಪ್ಪಲೆ ತುಂಬ ಸಿಹಿ ಪೊಂಗಲ್ ತಂದಿದ್ದರು. "ಕೊಡಬಹುದಾ?" ಎಂದು ಕೇಳಿದ್ದಾರೆ. ಇವಳು ತಲೆ ಎತ್ತದೆ "ಹೂಂ" ಎಂದಿದ್ದಾಳೆ. ಒಂದು ತುತ್ತು ಕೊಡುತ್ತಾರೆಂದು ಇವಳ ಲೆಕ್ಕ. ಅವರು ಕುಂಕುಮ ಇಟ್ಟು, ತಪ್ಪಲೆಯನ್ನೇ ದೊಡ್ಡ ಹಸುವಿನ ಮುಂದೆ ಇಟ್ಟು, ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಹಸುವಿಗೆ ಅನ್ನ ವಿಷವೆಂದು ಅವರಿಗೆ ಹೇಗೆ ಗೊತ್ತಾಗಬೇಕು? ದೇವರಿಗಿಟ್ಟಂತೆ ಇಟ್ಟರು. ಅದು ತಳ ನೆಕ್ಕಿ ಮುಗಿಸಿತು.

ನಾನು ಬರುವ ಹೊತ್ತಿಗೆ ಎಡಪಕ್ಕೆ ತಮಟೆಯ ಹಾಗೆ ಬಿಗಿದಿತ್ತು. ಹೇಮ ಒಂದೊಂದೇ ಕ್ಲಿನಿಕ್ಕಿಗೆ ಫೋನ್ ಮಾಡುತ್ತಿದ್ದಳು. ಇಲ್ಲಿಂದ ಇಂದಿರಾನಗರದವರೆಗೆ ಬೀದಿಗೊಂದು ಪ್ರಾಣಿ ಕ್ಲಿನಿಕ್ ಇದೆ. ಕೇಳಿದವರೆಲ್ಲ ಒಂದೇ ಮಾತು: "ನಾಯಿ, ಬೆಕ್ಕು ಮಾತ್ರ ಮೇಡಂ." ಸರಕಾರಿ ಡಾಕ್ಟರು ಕೆ.ಆರ್. ಪುರದ ಆಚೆ ಎಲ್ಲೋ ಕರು ಹಾಕಿಸುತ್ತಿದ್ದರು. ಬರಲು ಎರಡು ಗಂಟೆಯಾಗುತ್ತದೆ ಎಂದರು.

"ಫೋನ್ ಇಡು ಮೊದ್ಲು. ಬೇವಿನ ಕೋಲು ತಾ" ಎಂದೆ.

ಕೋಲನ್ನು ಕಡಿವಾಣದ ಹಾಗೆ ಹಸುವಿನ ಬಾಯಿಗೆ ಅಡ್ಡ ಇಟ್ಟು ಕೊಂಬಿಗೆ ಕಟ್ಟಿದೆವು. ಕೋಲು ಕಚ್ಚುತ್ತ ನಾಲಗೆ ಆಡಿಸಿದರೆ ತೇಗು ಬರುತ್ತದೆ. ಮುಂಗಾಲು ಎತ್ತರಕ್ಕೆ ನಿಲ್ಲಿಸಿ, ಎಣ್ಣೆ ಕುಡಿಸಿ, ಪಕ್ಕೆ ತಿಕ್ಕಿದೆವು. ಹೇಮ ಅಳುತ್ತಲೇ ತಿಕ್ಕಿದಳು. "ಅತ್ರೆ ಗಾಳಿ ಹೋಗಲ್ಲ, ಜೋರಾಗಿ ಒತ್ತು" ಎಂದೆ. ಮುಕ್ಕಾಲು ಗಂಟೆಯಾದ ಮೇಲೆ ಹಸು ತೇಗಿತು. ಆ ನಾತಕ್ಕೆ ಮೂರನೇ ಮಹಡಿಯವರು ಕಿಟಕಿ ಹಾಕಿಕೊಂಡರು. ಸರಕಾರಿ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, "ಬದುಕ್ಕೊಳ್ತು" ಎಂದು ಹೋದ ನಂತರ ಹೇಮ ಎಣ್ಣೆ ಕೈಯಲ್ಲೇ ಫೋನ್ ತೆಗೆದಳು. ಸೀಟು ಬಂದಿತ್ತು. ಬೀದರ್.

ಮನೆಯಲ್ಲಿ ಕುಣಿದಾಡಿದೆವು. ನಾನೂ ಕುಣಿದೆ, ಮಂಡಿ ನೋವು ಆಮೇಲೆ ನೋಡಿಕೊಂಡರಾಯಿತೆಂದು. ಕುಣಿದು ಕುಳಿತ ಮೇಲೆ ನಾರಾಯಣ ವಿಷಯ ಬಿಡಿಸಿ ಹೇಳಿದ. ಬೀದರಿನದನ್ನು ಒಪ್ಪಿದರೆ ಮುಗಿಯಿತು, ಅಲ್ಲಿಗೇ ಹೋಗಬೇಕು. ಇಲ್ಲವೆಂದರೆ ಅದನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯಬಹುದು. ಇವಳಿಗಿಂತ ಮೇಲಿನ ಮಕ್ಕಳು ಮೆಡಿಕಲ್ಲಿಗೆ ಹೋದ ಹಾಗೆ ಇಲ್ಲಿಯ ಹೆಬ್ಬಾಳದ ಕಾಲೇಜಿನಲ್ಲಿ ಜಾಗ ಖಾಲಿಯಾಗುತ್ತದೆ, ಇವಳಿಗೆ ಸಿಗುವುದು ಹೆಚ್ಚು ಕಡಿಮೆ ಖಂಡಿತ. ಆದರೆ ಹೆಬ್ಬಾಳ ಬಂದ ಕ್ಷಣ ಬೀದರ್ ಕೈಬಿಟ್ಟು ಹೋಗುತ್ತದೆ, ಮತ್ತೆ ಬೇಕೆಂದರೂ ಸಿಗದು. ಯಾವುದೆಂದು ಶುಕ್ರವಾರ ಬೆಳಗ್ಗೆ ಹನ್ನೊಂದರೊಳಗೆ ತಿಳಿಸಬೇಕು.

"ಇದ್ರಲ್ಲಿ ಯೋಚ್ನೆ ಮಾಡೋದೇನಿದೆ?" ಎಂದ ನಾರಾಯಣ. "ಕಾಯೋಣ. ಹೆಣ್ಣು ಹುಡ್ಗೀನ ಅಷ್ಟು ದೂರ ಯಾರು ಕಳಿಸ್ತಾರೆ?"

"ನನಗೂ ಹೆಬ್ಬಾಳನೇ ಸರಿ" ಎಂದೆ ನಾನು. "ಬೆಳಗ್ಗೆ ಹಾಲು ಕರೆದು ಹೋಗ್ಲಿ, ಸಂಜೆ ಬಂದು ಕರೀಲಿ. ನಂಗೊಬ್ಬಳಿಗೇ ಮೂರು ಹಸು ಆಗಲ್ಲ."

ನನ್ನ ಮನಸ್ಸಿನಲ್ಲಿದ್ದದ್ದು ಅದೇ. ಮುಚ್ಚಿಡುವುದೇನೂ ಇಲ್ಲ.

ಹೇಮ ಮಾತ್ರ, "ನೋಡದೆ ಹೇಗೆ ಹೇಳ್ಲಿ?" ಎಂದಳು. ನನಗೆ ಆ ಮಾತು ಹಿಡಿಸಿತು. ಕಣ್ಣಿಂದ ನೋಡದೆ ಕರುವನ್ನೂ ಕೊಂಡವಳಲ್ಲ ನಾನು. ಕೊಟ್ಟಿಗೆಯ ಯೋಗ್ಯತೆ ಗೊತ್ತಾಗಬೇಕಾದರೆ ಹೇಳದೆ ಕೇಳದೆ ಹೋಗಬೇಕು, ಬೆಳಗ್ಗೆ ಕೆಲಸದ ಹೊತ್ತಿಗೆ ಹೋಗಬೇಕು. ಆದರೆ ಹೆಬ್ಬಾಳದ ಕಾಲೇಜಿಗೆ ಮುದುಕಿಯೊಬ್ಬಳು ಕೈಬೀಸಿಕೊಂಡು ಹೋದರೆ ಗೇಟಿನಲ್ಲೇ ಯಾರು, ಏಕೆ ಎಂದು ನಿಲ್ಲಿಸುತ್ತಾರೆ. ಜೊತೆಗೊಂದು ಪ್ರಾಣಿ ಇದ್ದರೆ ಯಾರೂ ಕೇಳುವುದಿಲ್ಲ. ನಮ್ಮ ಹಸುವನ್ನು ಆ ಸ್ಥಿತಿಯಲ್ಲಿ ಒಯ್ಯುವಂತಿರಲಿಲ್ಲ. ಮಂಗಳವಾರ ಬೆಳಗ್ಗೆಯೇ ಹೇಮಳನ್ನು ಕರೆದುಕೊಂಡು ಶಿವಾಜಿನಗರಕ್ಕೆ ಹೋದೆ.

ಅಲ್ಲಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನೂರುನ್ನೀಸಾ ಇದ್ದಾಳೆ. ನಾನು ಆ ಕಡೆಯ ಟೀ ಅಂಗಡಿಗಳಿಗೆ ಹಾಲು ಹೊತ್ತು ಹಾಕುತ್ತಿದ್ದ ಕಾಲದ ಗೆಳತಿ. ಮನೆಬಾಗಿಲಿಗೆ ನಾಲ್ಕೈದು ಆಡು ಕಟ್ಟಿರುತ್ತಾಳೆ.

"ಅರೆ ಚಿನ್ನಮ್ಮಾ, ಕಾಲೇಜ್ ನೋಡಕ್ಕೆ ಬಕ್ರೀ ಯಾಕೆ? ದಿಮಾಗ್ ಖರಾಬ್ ಆಯ್ತಾ ನಿಂದು?"

"ನಿನ್ನ ಆಡು ಕೊಡ್ತೀಯೋ ಇಲ್ವೋ?"

"ರಾಣೀನ ತಗೊಂಡು ಹೋಗು. ಎರಡು ವರ್ಷ ಆಯ್ತು, ಮರಿ ಇಲ್ಲ, ಹಾಲಿಲ್ಲ. ಬರೀ ತಿನ್ನೋದು, ಮೋಟಾ ಆಗೋದು. ಮುಂದಿನ ವಾರ ಕಟುಕರಿಗೆ ಕೊಟ್ಬಿಡ್ತೀನಿ. ಅದಕ್ಕೂ ಸ್ವಲ್ಪ ಊರು ತೋರ್ಸು."

ಮೂರು ಆಟೋದವರು ಬರುವುದಿಲ್ಲವೆಂದರು. ನಾಲ್ಕನೆಯವನು ಆಡನ್ನು ನೋಡಿ, "ಅಜ್ಜಿ, ಇವರು ಮುಂದೆ ಕೂತ್ಕೋತಾರಾ, ಹಿಂದೇನಾ?" ಎಂದು ಕೇಳಿದ. ಹೇಮ ನಗು ತಡೆಯಲಾರದೆ ರಾಣಿಯನ್ನು ತಬ್ಬಿ ಹತ್ತಿಸಿದಳು.

ಹೆಬ್ಬಾಳದ ಕಾಲೇಜಿನ ಆಸ್ಪತ್ರೆ ನೋಡಿ ನಾನು ಬಾಯಿ ತೆರೆದವಳು ಮುಚ್ಚಲು ಮರೆತೆ. ಸ್ವೆಟರ್ ಹಾಕಿಕೊಂಡ ನಾಯಿ, ಬುಟ್ಟಿಯಲ್ಲಿ ಬೆಕ್ಕು, ಪಂಜರದಲ್ಲಿ ಗಿಣಿ, ಟೆಂಪೋದಲ್ಲಿ ಎತ್ತು, ಎಲ್ಲವೂ ಸಾಲಾಗಿ. ಬಿಳಿ ಕೋಟಿನ ಮಕ್ಕಳು ಅತ್ತಿಂದಿತ್ತ ಓಡುತ್ತಿದ್ದರು. ನೆಲ ತೊಳೆದದ್ದು ಒಣಗಿತ್ತು, ತೊಟ್ಟಿಯ ನೀರು ಅಂದಿನದು. ನಾನು ಮೊದಲು ನೋಡಿದ್ದೇ ಅವೆರಡನ್ನು. ಲೇಡಿ ಡಾಕ್ಟರೊಬ್ಬರು ರಾಣಿಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತು, "ಏನ್ ತೊಂದ್ರೆ?" ಎಂದು ಕೇಳಿದರು.

"ಮೂರು ದಿನದಿಂದ ಮೇವು ಮುಟ್ಟಿಲ್ಲ" ಎಂದೆ.

ಅಷ್ಟರಲ್ಲಿ ರಾಣಿ ನನ್ನ ಕೈಯಲ್ಲಿದ್ದ ಸರದಿಯ ಚೀಟಿಯನ್ನು ಪೂರ್ತಿಯಾಗಿ ತಿಂದು, ಪಕ್ಕದವರ ಚೀಟಿಗೆ ಬಾಯಿ ಹಾಕಿತು.

ಡಾಕ್ಟರು ನನ್ನ ಮುಖ ನೋಡಿದರು. "ಹಾಗಾದ್ರೆ ಚೀಟಿ ತಿಂದಿದ್ದು ಯಾರು ಅಜ್ಜಿ, ನೀವಾ?"

ಸುತ್ತಲಿದ್ದ ಮಕ್ಕಳೆಲ್ಲ ನಕ್ಕರು. ಆಕೆ ಸುಮ್ಮನೆ ಕಳಿಸಲಿಲ್ಲ. ಹೊಟ್ಟೆ ಮುಟ್ಟಿ ನೋಡಿ, ಒಳಗೆ ಕರೆದುಕೊಂಡು ಹೋಗಿ ಯಂತ್ರ ಇಟ್ಟು, ಪರದೆಯ ಮೇಲೆ ತೋರಿಸಿದರು. ಕತ್ತಲಲ್ಲಿ ಎರಡು ಹುರುಳಿಕಾಳು ಮಿಣಮಿಣ ಎಂದ ಹಾಗೆ ಕಂಡಿತು. "ಎರಡು ಮರಿ ಇದೆ. ಹೃದಯ ಹೊಡ್ಕೋತಿರೋದು ನೋಡಿ."

ನಾನು ನಿಜ ಹೇಳಿಬಿಟ್ಟೆ. ಆಡು ನಮ್ಮದಲ್ಲ, ಮೊಮ್ಮಗಳಿಗೆ ಸೀಟಿನ ಮಾತು ನಡೆಯುತ್ತಿದೆ, ನೋಡಲು ಬಂದೆವು ಎಂದೆ. "ಅಯ್ಯೋ, ಅದನ್ನೇ ಹೇಳಿದ್ರೆ ನಾನೇ ಒಳಗೆ ಕರ್ಕೊಂಡು ಹೋಗ್ತಿದ್ನಲ್ಲ!" ಎಂದು ಬೈದು, ಹೇಮಳಿಗೆ ಒಂದು ಗಂಟೆ ಎಲ್ಲವನ್ನೂ ತೋರಿಸಿದರು. ಅಂಥ ಜಾಗ, ಅಂಥ ಮನುಷ್ಯರು. ಬಸ್ಸಿನ ದೂರದಲ್ಲೇ ಇದೆ. ನನಗಂತೂ ನಿರ್ಧಾರವಾಗಿಹೋಯಿತು.

ಶಿವಾಜಿನಗರಕ್ಕೆ ವಾಪಸು ಬಂದು ವಿಷಯ ಹೇಳಿದಾಗ ನೂರುನ್ನೀಸಾ ಎದೆ ಹಿಡಿದುಕೊಂಡಳು. "ಯಾ ಅಲ್ಲಾ! ಎರಡಾ? ನಾನು ಕಟುಕರಿಗೆ ಹೇಳ್ಬಿಟ್ಟಿದ್ದೆ ಚಿನ್ನಮ್ಮಾ!" ಅಲ್ಲೇ ರಾಣಿಯ ಕೊರಳು ಹಿಡಿದು ಮುದ್ದಿಸಿ, ನಮಗೆ ಖೀಮಾ ಸಮೋಸ ತರಿಸಿದಳು. ಸೋಮವಾರದ ಉಪವಾಸ ಮಂಗಳವಾರಕ್ಕೆ ಬರುವುದಿಲ್ಲವೆಂದು ಹೇಮ ನಾಲ್ಕು ತಿಂದಳು. ಶ್ರಾವಣದಲ್ಲಿ ಮಾಂಸ ಬೇಡವೆಂದು ನಾನು ಬರೀ ಚಹಾ ಕುಡಿದೆ.

ಮನೆಗೆ ಬಂದು, ಮುಗಿಯಿತು, ಹೆಬ್ಬಾಳವೇ ಎಂದು ಸಾರಿದೆ. ನೆಲಮಹಡಿಯ ಬಾಡಿಗೆ ಕೋಣೆಯ ಶರಣಮ್ಮ ಬಟ್ಟೆ ಒಗೆಯುತ್ತಿದ್ದವಳು ನಿಲ್ಲಿಸಿದಳು. ಭಾಲ್ಕಿ ಕಡೆಯವಳು, ಗಂಡನ ಜೊತೆ ಇಲ್ಲಿಗೆ ಬಂದು ಅಪಾರ್ಟ್‌ಮೆಂಟುಗಳಲ್ಲಿ ಕೆಲಸ ಮಾಡುತ್ತಾಳೆ.

"ಎರಡು ಸೀರಿ ತಂದ್ರ ಎರಡೂ ಬಿಚ್ಚಿ ನೋಡ್ತೀರಿಲ್ಲವ್ವಾ? ಒಂದೇ ನೋಡಿ ಹೆಂಗ ಹೇಳ್ತೀರಿ? ನಮ್ಮ ಬೀದರೇನು ಪಾಪ ಮಾಡ್ಯಾದ?"

"ಅಷ್ಟು ದೂರ ಯಾರು ಹೋಗ್ತಾರೆ ಶರಣಮ್ಮ?"

"ನಾ ಬಂದಿಲ್ಲೇನ್ರಿ ಇಷ್ಟು ದೂರ? ನಂಗ ಯಾರರ ಕೇಳ್ಯಾರೇನು, ದೂರ ಆಗ್ತದೇನವ್ವಾ ಅಂತ?"

ಹೇಮ ನನ್ನನ್ನೇ ನೋಡುತ್ತಿದ್ದಳು. "ಆಯ್ತು, ಬಿಚ್ಚಿ ನೋಡೇಬಿಡೋಣ. ನೀನೂ ನಡಿ" ಎಂದೆ ಶರಣಮ್ಮನಿಗೆ. ಎರಡು ದಿನ ಹಸು ನೋಡಿಕೊಳ್ಳಬೇಕೆಂದಾಗ ನಾರಾಯಣನ ಮುಖ ನೋಡಬೇಕಿತ್ತು. ಕೈಗೆ ಹಾಕಿಕೊಳ್ಳುವ ರಬ್ಬರ್ ಚೀಲ ಎಲ್ಲಿ ಸಿಗುತ್ತದೆಂದು ಕೇಳಿದ. ಹಾಲು ಕರೆಯುವುದಕ್ಕೆ!

ಬುಧವಾರ ಸಂಜೆ ಹತ್ತಿದ ರೈಲು ಗುರುವಾರ ಬೆಳಗ್ಗೆ ಬೀದರಿನಲ್ಲಿ ಇಳಿಸಿತು. ಮಳೆ ಬಿದ್ದು ನೆಲವೆಲ್ಲ ಕೆಮ್ಮಣ್ಣಿನ ಕೆಸರು. ಉದ್ದು, ತೊಗರಿ ಮೊಣಕಾಲೆತ್ತರ ಬೆಳೆದಿದ್ದವು. ಶರಣಮ್ಮ ರೈಲಿಳಿದದ್ದೇ ಎರಡು ಅಂಗುಲ ಎತ್ತರವಾದಳು. ನಮ್ಮ ಮನೆಯಲ್ಲಿ ದನಿ ತಗ್ಗಿಸಿ ಮಾತಾಡುವವಳು ಇಲ್ಲಿ ಆಟೋದವನನ್ನು ಗದರಿಸಿದಳು, ಚಹಾದವನನ್ನು ಗದರಿಸಿದಳು, ನನ್ನನ್ನೂ ಒಂದು ಸಲ ಗದರಿಸಿದಳು.

ಈ ಸಲ ಆಡು ಗೀಡು ಬೇಡವೆಂದು ನೇರವಾಗಿ ಕಾಲೇಜಿನ ಆಸ್ಪತ್ರೆಗೆ ಹೋಗಿ, ಮಗುವಿಗೆ ಸೀಟು ಬಂದಿದೆ, ನೋಡುತ್ತೇವೆ ಎಂದೆವು. ನೋಡಿ ಎಂದರು. ತೋರಿಸುವವರು ಬರುವ ಮುಂಚೆಯೇ ಒಂದು ಮಿನಿ ಲಾರಿ ಬಂದು ನಿಂತಿತು. ಒಳಗೆ ಎಮ್ಮೆ ಮಲಗಿಬಿಟ್ಟಿತ್ತು. ಕರುವಿನ ಒಂದು ಕಾಲು ಹೊರಗೆ ಬಂದಿತ್ತು, ಇನ್ನೊಂದು ಒಳಗೆ ಮಡಚಿಕೊಂಡಿತ್ತು. ಎಮ್ಮೆಯ ಒಡೆಯ ಡಾಕ್ಟರ ಮುಂದೆ ಕೈ ಮುಗಿದ.

ಐದಾರು ಮಕ್ಕಳು ಗಂಬೂಟು ಹಾಕಿಕೊಂಡು ಓಡಿಬಂದರು. ಗಂಡಸರೆಲ್ಲ ಹಿಡಿದು ಎಮ್ಮೆಯನ್ನು ಇಳಿಸಿದರು. ಕೊನೇ ವರ್ಷದ ಒಬ್ಬ ಹುಡುಗಿ, ಮಾತಿನಲ್ಲಿ ಕೋಲಾರದ ಕಡೆಯವಳು, ಕೆಸರಿನಲ್ಲೇ ಪಕ್ಕಕ್ಕೆ ಮಲಗಿ ತೋಳು ಒಳಗೆ ಹಾಕಿದಳು. ಡಾಕ್ಟರು ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತಿದ್ದರು. "ಹಗ್ಗ ಹಿಡೀರಿ ಯಾರಾದ್ರೂ!" ಎಂದು ಆ ಹುಡುಗಿ ಕೂಗಿದಾಗ ಹಗ್ಗ ಹಿಡಿದವಳು ನಮ್ಮ ಹೇಮ. ಯಾವಾಗ ಚಪ್ಪಲಿ ಬಿಟ್ಟಳೋ ನಾನು ನೋಡಲಿಲ್ಲ.

"ಯಾರಮ್ಮ ನೀನು? ಫಸ್ಟ್ ಇಯರಾ?"

"ಇನ್ನೂ ಸೇರಿಲ್ಲ ಅಕ್ಕ."

"ಸೇರಿಲ್ವಾ? ಸರಿ, ನಾನು ಹೇಳ್ದಾಗ ಎಳಿ. ಎಮ್ಮೆ ತಿಣುಕಿದಾಗ ಮಾತ್ರ. ಸುಮ್ ಸುಮ್ನೆ ಎಳೆದ್ರೆ ಒದೀತೀನಿ."

"ಹೂಂ ಅಕ್ಕ."

ನಮ್ಮಲ್ಲಿ ಕಡಸು ಕೊಳ್ಳುವಾಗ ಒಂದು ಪದ್ಧತಿ ಇದೆ. ಒಡೆಯನನ್ನು ದೂರ ನಿಲ್ಲಿಸಿ, ಹಗ್ಗ ನಾವು ಹಿಡಿದು ನಡೆಸಿ ನೋಡುತ್ತೇವೆ. ಹೆಜ್ಜೆಹೆಜ್ಜೆಗೆ ತಿರುಗಿ ಒಡೆಯನನ್ನು ಹುಡುಕಿದರೆ ಅದು ಹೊಸ ಕೊಟ್ಟಿಗೆಯಲ್ಲಿ ಸುಲಭಕ್ಕೆ ಸೊರ ಬಿಟ್ಟು ಹಾಲು ಇಳಿಸುವುದಿಲ್ಲ. ಹೆಬ್ಬಾಳದಲ್ಲಿ ಹೇಮ ಪ್ರತಿ ಕೋಣೆಯ ಬಾಗಿಲಲ್ಲೂ ತಿರುಗಿ, ಅಜ್ಜಿ ಬಂದಳೇ ಎಂದು ನೋಡಿದ್ದಳು. ಇಲ್ಲಿ ನಾನು ಬೇವಿನ ಮರದ ಕೆಳಗೆ ಒಂದು ಗಂಟೆಯ ಮೇಲೆ ನಿಂತಿದ್ದೆ. ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟು. ಸಾಕಿದವಳು ಇಲ್ಲಿ ನಿಂತಿದ್ದೇನೆ, ಯಾವಳೋ ಕೋಲಾರದವಳು ಒದೆಯುತ್ತೇನೆ ಎಂದರೆ ಹಲ್ಲು ಕಿರಿಯುತ್ತಾಳಲ್ಲ ಎಂದು. ಆಮೇಲೆ ಕರುವಿನ ಮೂಗು ಕಂಡಿತು, ತಲೆ ಬಂತು, ಇಡೀ ಕರು ಜಾರಿ ಇಬ್ಬರ ಮಡಿಲಿಗೂ ಬಿತ್ತು. ಉಸಿರಿರಲಿಲ್ಲ. ಹೇಮ ಮೂಗಿನ ಲೋಳೆ ಬಳಿದು, ಹುಲ್ಲುಕಡ್ಡಿ ಮೂಗಿಗೆ ಚುಚ್ಚಿ, ಎದೆ ತಿಕ್ಕಿದಳು. ಅದು ಸೀನಿತು. ಅಲ್ಲಿದ್ದವರೆಲ್ಲ ಕಿರುಚಿದರು. ಶರಣಮ್ಮ ನನ್ನ ಬೆನ್ನಿಗೆ ಗುದ್ದಿ, "ಏನಂದ್ರಿ ಅವ್ವಾ, ನಮ್ಮ ಬೀದರ್ಗಿ?" ಎಂದಳು. ನಾನೂ ಕಿರುಚಿದ್ದೆನಂತೆ.

ಶುಕ್ರವಾರ ಬೆಳಗ್ಗೆ ನಾವು ವಾಪಸು ಬರುತ್ತಿದ್ದ ರೈಲು ತಡವಾಗಿತ್ತು. ಗೌರಿಬಿದನೂರು ದಾಟುವಾಗಲೇ ಹತ್ತು ಗಂಟೆ. ಮನೆ ಸೇರಿ ಎಲ್ಲರೂ ಕುಳಿತು ಹೇಳುವಷ್ಟು ಹೊತ್ತು ಉಳಿದಿರಲಿಲ್ಲ. ನಾರಾಯಣ ಆಗಲೇ ನಾಲ್ಕು ಸಲ ಫೋನ್ ಮಾಡಿ, "ಎರಡನೇದು ಒತ್ತು, ಕಾಯ್ತೀನಿ ಅನ್ನೋದನ್ನ" ಎಂದು ಹೇಳಿದ್ದ. ಹೇಮ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಉಗುರಿನ ಸಂದಿಯಲ್ಲಿ ಕೆಮ್ಮಣ್ಣು ಇನ್ನೂ ಹೋಗಿರಲಿಲ್ಲ.

"ಅಜ್ಜಿ, ನಾನು ಬೀದರಿಗೆ ಹೋದ್ರೆ ಹಸು?"

"ಹಸು ನಿನ್ನದಾ, ನನ್ನದಾ?"

"ನಿಂದು."

"ಮತ್ತೆ ನಿಂಗ್ಯಾಕೆ? ಎರಡು ಮಾರ್ತೀನಿ, ಒಂದು ಇಟ್ಕೋತೀನಿ. ನೀನು ಕೊಟ್ಟಿಗೆಗೆ ಬೇಕು ಅಂತ ಹೆಬ್ಬಾಳ ಅಂದಿದ್ದು ನಾನು. ಅದನ್ನ ಬಿಟ್ಟು ಹೇಳು. ಯಾವುದು ಬೇಕು?"

ಅವಳು ಫೋನೆತ್ತಿಕೊಂಡು ಒತ್ತಿದಳು. ಒತ್ತಿದ ಮೇಲೆ ತಲೆ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಅಜ್ಜಿ, ಓಟಿಪಿ! ಅಪ್ಪನ ಫೋನಿಗೆ ಹೋಯ್ತು. ಆರು ಅಂಕಿ ಬರುತ್ತೆ, ಅದನ್ನ ಹಾಕಿದ್ರೇ ಆಗೋದು. ಹತ್ತು ನಿಮಿಷ ಅಷ್ಟೇ ಟೈಮು."

ನಾರಾಯಣನಿಗೆ ಕರೆ ಮಾಡಿಸಿ ಶರಣಮ್ಮನ ಫೋನನ್ನು ನಾನೇ ಕಿವಿಗಿಟ್ಟುಕೊಂಡೆ. ಹಿಂದೆ ಹಸು ಕೂಗುವುದು ಕೇಳಿಸಿತು.

"ನಿನ್ನ ಫೋನಿಗೆ ಆರು ಅಂಕಿ ಬಂದಿದೆ, ಹೇಳು."

"ಬಂತು. ಎರಡನೇದೇ ಒತ್ತಿದ್ಲು ತಾನೆ?"

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಗನಿಗೆ ಸುಳ್ಳು ಹೇಳಿ ಮೊಮ್ಮಗಳನ್ನು ಓದಿಸುವ ಗತಿ ನನಗೆ ಬಂದಿಲ್ಲ. "ಇಲ್ಲ. ಬೀದರ್ ಒತ್ತಿದ್ಲು" ಎಂದೆ.

"ಅಮ್ಮಾ! ನೀನೇ ತಾನೆ ಹೆಬ್ಬಾಳ ಅಂದಿದ್ದು?"

"ಅಂದಿದ್ದೆ. ಈಗ ಇಲ್ಲ ಅಂತೀನಿ."

"ಅಷ್ಟು ದೂರ ಏನಾದ್ರೂ ಆದ್ರೆ ಯಾರು ಓಡ್ತಾರೆ?"

"ನಮ್ಮ ಕೊಟ್ಟಿಗೇಲಿ ಹಸು ಸಾಯೋಕೆ ಬಿದ್ದಾಗ ಯಾರು ಓಡಿ ಬಂದ್ರು? ಅವಳೇ ಅಲ್ವಾ ಪಕ್ಕೆ ತಿಕ್ಕಿದ್ದು? ನಿನ್ನೆ ಎಮ್ಮೆ ಕರು ಎಳೆದ್ಲು ನಾರಾಯಣ. ಸತ್ತ ಹಾಗೆ ಬಿದ್ದಿತ್ತು, ಸೀನಿಸಿದ್ಲು. ನೀನು ನೋಡ್ಬೇಕಿತ್ತು. ನಿನ್ನ ಹೆತ್ತಾಗ್ಲೂ ನಂಗೆ ಅಷ್ಟು ಖುಷಿ ಆಗಿರ್ಲಿಲ್ಲ."

"ಚೆನ್ನಾಗ್ ಹೇಳ್ದೆ."

"ಟೈಮ್ ಆಗ್ತಿದೆ. ಹೇಳ್ತೀಯಾ, ಇಲ್ಲ ಮುಂದಿನ ಐದು ವರ್ಷ ನೀನೇ ಹಾಲು ಕರೀತೀಯಾ?"

ಆ ಕಡೆ ಹಸು ಮತ್ತೆ ಕೂಗಿತು. ಹೇಮ ನನ್ನ ಮುಖವನ್ನೇ ನೋಡುತ್ತ ಫೋನಿನ ಮೇಲೆ ಬೆರಳು ಹಿಡಿದಿದ್ದಳು. ಶರಣಮ್ಮ ಕಣ್ಣು ಮುಚ್ಚಿ ಯಾವ ದೇವರನ್ನೋ ಬೇಡುತ್ತಿದ್ದಳು. ಆಮೇಲೆ ನಾರಾಯಣ ಅಂಕಿ ಹೇಳಲು ಶುರುಮಾಡಿದ. ಅವನು ಹೇಳಿದ್ದನ್ನು ನಾನು ಜೋರಾಗಿ ಕೂಗಿದೆ, ಹೇಮ ಒಂದೊಂದಾಗಿ ಒತ್ತಿದಳು. ಬೋಗಿಯವರೆಲ್ಲ ತಿರುಗಿ ನೋಡುತ್ತಿದ್ದರು. ಐದು ಹೇಳಿ ನಿಲ್ಲಿಸಿದ.

"ಇನ್ನೊಂದು?" ಎಂದೆ.

"ಅಮ್ಮಾ, ಅವಳ ಕೈಗೆ ಕೊಡು ಫೋನ್."

ಕೊಟ್ಟೆ. ಅಪ್ಪ ಏನು ಹೇಳಿದನೋ ನನಗೆ ಕೇಳಿಸಲಿಲ್ಲ, ನಾನು ಆಮೇಲೂ ಕೇಳಲಿಲ್ಲ. ಹೇಮ "ಹೂಂ ಅಪ್ಪ" ಎಂದಳು, ಇನ್ನೊಂದು ಸಲ "ಹೂಂ ಅಪ್ಪ" ಎಂದಳು, ಮೂಗು ಒರೆಸಿಕೊಂಡು ಆರನೆಯದನ್ನು ಒತ್ತಿದಳು.